ಲೀಗ್ ಪಂದ್ಯಗಳೂ ನಮ್ಮ ಊರುಗಳೂ

ಬೆಂಗಳೂರಿಗೆ ಹೋಗಿ ಬಂದ ನಮ್ಮ ಮಿತ್ರರಲ್ಲಿ ಈಚೆಗೆ ಪ್ಯಾಡಲ್ ಎಂಬ ಹೊಸ ಆಟದ ಮಾತು ಹೆಚ್ಚಾಗಿದೆ. 20 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ, ಸುತ್ತಲೂ ಗಾಜಿನ ಗೋಡೆ ಮತ್ತು ತಂತಿಯ ಜಾಲರಿ, ನಡುವೆ ನೆಟ್ಟು, ಈಚೆಗೆ ಇಬ್ಬರು, ಆಚೆಗೆ ಇಬ್ಬರು. ನೆಲಕ್ಕೆ ಒಮ್ಮೆ ಪುಟಿದು ಗೋಡೆಗೆ ಬಡಿದು ಹಿಂದಿರುಗಿದ ಚೆಂಡನ್ನೂ ಹೊಡೆಯಬಹುದೆಂಬುದು ಇದರ ವೈಶಿಷ್ಟ್ಯ. 1969ರಲ್ಲಿ ಮೆಕ್ಸಿಕೋ ದೇಶದ ಅಕಾಪುಲ್ಕೋದಲ್ಲಿ ಎನ್ರಿಕೆ ಕೊರ್ಕುಯೆರಾ ಎಂಬ ಧನಿಕರು ತಮ್ಮ ಮನೆಯ ಆವರಣದಲ್ಲಿ ಇದನ್ನು ಆರಂಭಿಸಿದರು. ಅಲ್ಲಿಂದ ಅದು ಸ್ಪೇನಿಗೆ ಹೋಗಿ, ಲೋಕವನ್ನೆಲ್ಲ ಸುತ್ತಿ, ನಮ್ಮ ರಾಜಧಾನಿಗೂ ಬಂದು ಮುಟ್ಟಿದೆ. “ತಿಪಟೂರಿಗೂ ಒಂದು ಬರಬಾರದೇ?” ಎಂದು ಕೇಳುವವರುಂಟು.

ಬರಲಿ, ಬೇಡವೆನ್ನುವವರಾರು? ಆದರೆ ಗಂಟೆಗಿಷ್ಟು ಬಾಡಿಗೆಯೆಂದು ಲೆಕ್ಕ ಹಾಕುವ ಗಾಜಿನ ಮನೆಯೊಳಗೆ, ಬಸ್ ಪಾಸಿನಲ್ಲಿ ಓಡಾಡುವ ಸರ್ಕಾರಿ ಕಾಲೇಜಿನ ವಿದ್ಯಾರ್ಥಿ ಎಷ್ಟು ದಿನ ಆಡಿಯಾನು? ಆ ಆಟದಲ್ಲಿ ನನಗೆ ಅಸೂಯೆ ಹುಟ್ಟಿಸುವುದು ಗಾಜಲ್ಲ. ಅಲ್ಲಿ ಕಚೇರಿಯ ಕೆಲಸ ಮುಗಿಸಿ ಬಂದ ಸಾಮಾನ್ಯ ಆಟಗಾರನೂ ಒಂದು ಹವ್ಯಾಸಿ ಲೀಗಿಗೆ ಹೆಸರು ಕೊಡಬಹುದು. ಅವನ ಮಟ್ಟದವರೇ ಇರುವ ಗುಂಪಿನಲ್ಲಿ ಅವನನ್ನು ಸೇರಿಸುತ್ತಾರೆ. ಇಂದು ಸೋತರೂ ಮುಂದಿನ ವಾರ ಅವನಿಗೆ ಪಂದ್ಯವುಂಟು. ನಮ್ಮ ಮೂರು ತಾಲ್ಲೂಕುಗಳಲ್ಲಿ ಇಲ್ಲದಿರುವುದು ಈ ‘ಮುಂದಿನ ವಾರ’.

ನಮ್ಮಲ್ಲಿ ಇರತಕ್ಕದ್ದು ಕಪ್ಪು. ಹಬ್ಬಕ್ಕೊಂದು ಕಪ್ಪು, ಗಣ್ಯರ ಹುಟ್ಟುಹಬ್ಬಕ್ಕೊಂದು ಕಪ್ಪು. ರಾತ್ರಿಯನ್ನು ಹಗಲು ಮಾಡುವ ದೀಪಗಳೇನು, ಧ್ವನಿವರ್ಧಕವೇನು, ಆಳೆತ್ತರದ ಟ್ರೋಫಿಯೇನು! ಕ್ರಿಕೆಟ್ಟಾಗಲಿ ಕಬಡ್ಡಿಯಾಗಲಿ ವಾಲಿಬಾಲಾಗಲಿ, ಎಲ್ಲವೂ ನಾಕೌಟ್ ಕ್ರಮದಲ್ಲಿಯೇ. ಹದಿನಾರು ತಂಡಗಳು ಸೇರಿದವೆನ್ನಿ. ಒಟ್ಟು ನಡೆಯುವ ಪಂದ್ಯಗಳು 15. ಅವುಗಳಲ್ಲಿ ಎಂಟು ತಂಡಗಳು ಒಂದೊಂದೇ ಪಂದ್ಯವಾಡಿ, ತಂದ ಬುತ್ತಿಯ ಗಂಟು ಬಿಚ್ಚುವ ಮೊದಲೇ ಮರಳಿ ಬಸ್ಸು ಹತ್ತುತ್ತವೆ. ಒಂದು ಪಂದ್ಯಕ್ಕೆ ಎಲ್ಲವೂ ನಿಂತಿರುವಾಗ ಊರಿನವರು ಏನು ಮಾಡುತ್ತಾರೆ? ಹಣ ಕೊಟ್ಟು ಹೊರಗಿನಿಂದ ಇಬ್ಬರು ಮೂವರು ನುರಿತವರನ್ನು ಕರೆತರುತ್ತಾರೆ. ವರ್ಷವೆಲ್ಲ ನೆಟ್ಟು ಕಟ್ಟಿ ಬಿಚ್ಚಿದ ಊರ ಹುಡುಗ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುತ್ತಾನೆ. ಇದು ನಾನು ಒಮ್ಮೆಯಲ್ಲ, ಹಲವು ಸಲ ಕಂಡದ್ದು.

ಇನ್ನು ಆರೇ ತಂಡಗಳ ಒಂದು ಲೀಗನ್ನು ನೋಡೋಣ. ಪ್ರತಿ ತಂಡವೂ ಉಳಿದ ಐದರೊಡನೆ ಆಡಬೇಕು. ಒಟ್ಟು ಪಂದ್ಯಗಳು ಆಗಲೂ 15! ಅಂಪೈರಿನ ಶ್ರಮ, ಮೈದಾನಕ್ಕೆ ಹಾಕುವ ಸುಣ್ಣ, ಎರಡೂ ಅಷ್ಟೇ. ಆದರೆ ಅತ್ಯಂತ ದುರ್ಬಲ ತಂಡಕ್ಕೂ ಐದು ಪಂದ್ಯಗಳು ದೊರೆತವು. ಮೊದಲನೆಯದರಲ್ಲಿ ಸೋತವರು ಐದನೆಯದರಲ್ಲಿ ಗೆಲ್ಲಬಹುದು.

ಈ ಯುಕ್ತಿ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಲೀಗ್ ಸ್ಥಾಪನೆಯಾದದ್ದು 1888ರಲ್ಲಿ. ಕಪ್ ಪಂದ್ಯದಲ್ಲಿ ಸೋತ ಸಂಘಗಳಿಗೆ ಉಳಿದ ದಿನಗಳಲ್ಲಿ ನಂಬಿಕೆಯ ಪಂದ್ಯಗಳೇ ಇರುತ್ತಿರಲಿಲ್ಲ. ಗೊತ್ತಾದ ಪಂದ್ಯಗಳೂ ಕಡೆಯ ಗಳಿಗೆಯಲ್ಲಿ ರದ್ದಾಗುತ್ತಿದ್ದವು. ಆಸ್ಟನ್ ವಿಲ್ಲಾ ಸಂಘದ ವಿಲಿಯಂ ಮೆಕ್‌ಗ್ರೆಗರ್ ಎಂಬಾತ ಇತರ ಸಂಘಗಳಿಗೆ ಕಾಗದ ಬರೆದು, ನಿಶ್ಚಿತ ದಿನಗಳಲ್ಲಿ ಪರಸ್ಪರ ಆಡೋಣವೆಂದು ಸೂಚಿಸಿದ. ಹನ್ನೆರಡು ಸಂಘಗಳು ಸೇರಿದವು. ಪ್ರತಿಯೊಂದಕ್ಕೂ 22 ಪಂದ್ಯಗಳು. ಈ ಮೆಕ್‌ಗ್ರೆಗರ್ ವೃತ್ತಿಯಿಂದ ಬಟ್ಟೆ ವ್ಯಾಪಾರಿ. ನಮ್ಮ ಕೊಬ್ಬರಿ ವರ್ತಕರು ಇದನ್ನು ಗಮನಿಸಬೇಕೆಂದು ಸವಿನಯವಾಗಿ ಬೇಡುತ್ತೇನೆ. ಆ ಸಂಘಗಳಲ್ಲಿ ಸಂಬಳದ ಆಟಗಾರರಿದ್ದರು, ನಿಜ. ನಮಗೆ ಬೇಕಾದದ್ದು ಅವರ ಸಂಬಳವಲ್ಲ, ಅವರ ವೇಳಾಪಟ್ಟಿ.

ಹಾಗಾದರೆ ನಾವು ಯಾವ ಆಟದ ಲೀಗಿಗೆ ಸೇರಬೇಕು? ಬಾಲ್ ಬ್ಯಾಡ್ಮಿಂಟನ್ ಎಂಬುದು ನನ್ನ ಅಭಿಮತ. ಹೊಸ ರ್‍ಯಾಕೆಟ್ಟಿನಾಟಕ್ಕೆ ಹಂಬಲಿಸುವ ಮಿತ್ರರು ತಮ್ಮ ತಂದೆಯವರ ಕಾಲದ ಈ ರ್‍ಯಾಕೆಟ್ಟಿನಾಟವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಲಿ. ತಂಜಾವೂರಿನಲ್ಲಿ ಹುಟ್ಟಿತೆಂದು ಹೇಳಲಾಗುವ ಈ ಆಟಕ್ಕೆ ಅಖಿಲ ಭಾರತ ಫೆಡರೇಷನ್ ಆದದ್ದು 1954ರಲ್ಲಿ. ಹಳದಿ ಉಣ್ಣೆಯ ಪುಟ್ಟ ಚೆಂಡು, ಪಕ್ಷಕ್ಕೆ ಐವರು, 24 ಮೀಟರ್ ಉದ್ದ, 12 ಮೀಟರ್ ಅಗಲದ ಮಣ್ಣಿನ ಅಂಕಣ. ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯಬೇಕಾದ್ದರಿಂದ ಕಣ್ಣಿಗೂ ಮಣಿಕಟ್ಟಿಗೂ ಬಿಡುವೆಂಬುದಿಲ್ಲ. ಐವರಲ್ಲಿ ಇಬ್ಬರು ಮುಂದೆ, ಒಬ್ಬರು ನಡುವೆ, ಇಬ್ಬರು ಹಿಂದೆ ನಿಂತರೆ, ಅಷ್ಟೇನೂ ವೇಗವಿಲ್ಲದವನಿಗೂ ಒಂದು ಜಾಗ ದೊರೆಯುತ್ತದೆ. ಹವ್ಯಾಸಿಗಳಿಗೆ ಇದಕ್ಕಿಂತ ಉಪಕಾರ ಬೇರೆ ಬೇಕೇ?

ಈ ಚೆಂಡಿಗೆ ಶತ್ರುಗಳಿಬ್ಬರು: ಗಾಳಿ ಮತ್ತು ಇಬ್ಬನಿ. ಗಾಳಿ ಎದ್ದರೆ ಚೆಂಡು ತನ್ನಿಷ್ಟದಂತೆ ಹೋಗುತ್ತದೆ, ನೆನೆದರೆ ಭಾರವಾಗುತ್ತದೆ. ತೋಟದ ಮರೆ ಇರುವ ನಮ್ಮ ಸೀಮೆಯ ಮೈದಾನಗಳಲ್ಲಿ ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು, ಎರಡು ಗಂಟೆಯ ಒಳ್ಳೆಯ ಆಟ ಸಿಗುತ್ತದೆ. ಆದರೆ ತೋಟದೊಳಗೇ ಅಂಕಣ ಮಾಡುತ್ತೇವೆಂದರೆ ಆಗದು. ಮೂವತ್ತು ಅಡಿಗೊಂದರಂತೆ ಮರಗಳು ನಿಂತಿರುವಲ್ಲಿ ನಲವತ್ತು ಅಡಿ ಅಗಲದ ಅಂಕಣ ಬೇಕೆಂದರೆ ಫಸಲು ಕೊಡುವ ಎರಡು ಮೂರು ಮರಗಳಾದರೂ ಉರುಳಬೇಕು. ಹಾಗೆಂದು ಮನೆಯಲ್ಲಿ ಅಜ್ಜನವರ ಮುಂದೆ ಹೇಳಿ ನೋಡಿ! ಆದ್ದರಿಂದ ಸರ್ಕಾರಿ ಶಾಲಾ ಕಾಲೇಜುಗಳ ಮೈದಾನಗಳೇ ನಮಗೆ ಗತಿ. ಅವುಗಳನ್ನು ಭಾನುವಾರ ಬೀಗ ಹಾಕಿಡುವ ಪದ್ಧತಿ ಹೋಗಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ನೊಣವಿನಕೆರೆ, ಮಾಯಸಂದ್ರ. ಈ ಆರು ಊರುಗಳಿಂದ ಒಂದೊಂದು ತಂಡವಾದರೆ ಸಂಕ್ರಾಂತಿ ಕಳೆದ ಮೇಲಿನ ಐದು ಭಾನುವಾರಗಳಲ್ಲಿ, ದಿನಕ್ಕೆ ಮೂರರಂತೆ ಹದಿನೈದೂ ಪಂದ್ಯಗಳು ಮುಗಿಯುತ್ತವೆ. ಆಟಗಾರನು ಆ ಊರಿನಲ್ಲಿ ವಾಸವಾಗಿರಬೇಕು ಅಥವಾ ಅಲ್ಲಿ ಓದುತ್ತಿರಬೇಕು. ಹಣ ಪಡೆದು ಆಡುವವರಿಗೆ ಪ್ರವೇಶವಿರಕೂಡದು. ತಂಡದಲ್ಲಿ ಹೆಸರಿರುವ ಪ್ರತಿಯೊಬ್ಬರನ್ನೂ ಐದರಲ್ಲಿ ಎರಡು ಪಂದ್ಯಗಳಿಗಾದರೂ ಕಣಕ್ಕಿಳಿಸಬೇಕು. ಈ ಕೊನೆಯ ನಿಯಮಕ್ಕೆ ನಮ್ಮ ನಾಯಕರುಗಳು ಮುಖ ಸಿಂಡರಿಸುವರೆಂದು ಬಲ್ಲೆ. ಇದೊಂದನ್ನು ಬಿಟ್ಟರೆ ಲೀಗೂ ಕಪ್ಪಿನ ಹಾದಿಯನ್ನೇ ಹಿಡಿಯುತ್ತದೆ.

“ಸೋಲುವುದಕ್ಕೆಂದೇ ಐದು ಭಾನುವಾರ ಹೋಗಬೇಕೇ?” ಎಂದು ಒಬ್ಬ ಮಿತ್ರರು ಕೇಳಿದರು. ಕೊಬ್ಬರಿಯ ನಾಡಿನಲ್ಲಿ ಹುಟ್ಟಿದವರು ಕೇಳುವ ಪ್ರಶ್ನೆಯೇ ಇದು? ಅಟ್ಟಕ್ಕೇರಿಸಿದ ಕಾಯಿ ಗಿಟಕಾಗಲು ಹತ್ತು ಹನ್ನೊಂದು ತಿಂಗಳು ಕಾಯುವ ಮನೆಗಳು ನಮ್ಮವು; ವಾರಕ್ಕೊಮ್ಮೆ ಏಣಿ ಹಾಕಿ ಕಾಯಿ ಅಲ್ಲಾಡಿಸಿ ನೋಡುವುದಿಲ್ಲ.

ವಿದ್ಯಾರ್ಥಿನಿಯರ ಸಂಗತಿ ಬೇರೆಯಾಗಿಯೇ ಹೇಳತಕ್ಕದ್ದು. ಕಪ್ ಪಂದ್ಯಾವಳಿಗಳು ಬಹುಮಟ್ಟಿಗೆ ರಾತ್ರಿಯವು, ಗಂಡಸರವು. ಅಂತರ ಕಾಲೇಜು ತಂಡಕ್ಕೆ ಆಯ್ಕೆಯಾಗುವವರು ಬೆರಳೆಣಿಕೆಯಷ್ಟು. ಉಳಿದ ಸಹೋದರಿಯರು ಮೂರು ವರ್ಷ ಓದಿ ಹೋಗುವಾಗ ಮೈದಾನದ ಮಣ್ಣು ಅವರ ಚಪ್ಪಲಿಗೆ ಅಂಟಿರುವುದಿಲ್ಲ. ತರಗತಿ ಮುಗಿದೊಡನೆ ಬಸ್ಸಿಗೆ ಓಡಬೇಕು. ಮನೆಯಲ್ಲಿ ಕೆಲಸ ಕಾದಿರುತ್ತದೆ. ಆದರೆ ಭಾನುವಾರ ಬೆಳಿಗ್ಗೆ ಏಳೂವರೆಯಿಂದ ಹತ್ತರವರೆಗಿನ ಹಗಲಿನ ಆಟ, ಮುಂದಾಗಿಯೇ ಗೊತ್ತಿರುವ ದಿನ, ಜೊತೆಗೆ ಅಧ್ಯಾಪಕಿಯರೊಬ್ಬರು, ಇಷ್ಟಿದ್ದರೆ ಒಪ್ಪುವ ತಾಯಿತಂದೆಗಳು ಬಹಳ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲ. ಪ್ರಯಾಣದ ಖರ್ಚಿನಲ್ಲಿ ನಮಗಿಂತ ಅವರೇ ಮುಂದಿದ್ದಾರೆ! ಅವರ ತಂಡಗಳು ಆರಾಗದಿದ್ದರೆ ನಾಲ್ಕಾಗಲಿ; ನಾಲ್ಕಕ್ಕೆ ಆರು ಪಂದ್ಯಗಳು, ಮೂರು ಭಾನುವಾರ. ಅದನ್ನು ಪುರುಷರ ಲೀಗಿನ ಬಾಲಂಗೋಚಿ ಮಾಡದೆ ಅದೇ ಅಂಕಣದಲ್ಲಿ ಮೊದಲನೆಯ ಪಂದ್ಯವಾಗಿ ಆಡಿಸಬೇಕು.

ಹಣದ ಮಾತು ಸ್ವಲ್ಪವೇ ಇದೆ. ನೆಟ್ಟು, ಚೆಂಡು, ಸುಣ್ಣ, ಎರಡು ಕಂಬ. ರ್‍ಯಾಕೆಟ್ಟುಗಳನ್ನು ಎರಡು ತಂಡಗಳು ಹಂಚಿಕೊಂಡರೂ ನಡೆಯುತ್ತದೆ. ಟ್ರೋಫಿ ಬೇಡವೇ ಬೇಡ; ಅದು ಬಂದರೆ ಅದರ ಹಿಂದೆ ಬ್ಯಾನರು ಬರುತ್ತದೆ, ಬ್ಯಾನರಿನ ಹಿಂದೆ ಭಾಷಣ ಬರುತ್ತದೆ, ಅಷ್ಟರಲ್ಲಿ ಗಾಳಿ ಏಳುತ್ತದೆ. ಅಂಪೈರುಗಳಾಗಿ, ಹಿಂದೆ ಈ ಆಟವಾಡಿ ಈಗ ಅಂಗಡಿಯಲ್ಲೋ ಶಾಲೆಯಲ್ಲೋ ಕುಳಿತಿರುವ ಹಿರಿಯರನ್ನು ಕರೆಯೋಣ. ಕರೆದರೆ ಬಾರದಿರುವವರಲ್ಲ ಅವರು.

ಪಂದ್ಯಪಟ್ಟಿಯನ್ನು ಬರೆಯುವವರು ಮಾತ್ರ ಮೊದಲು ಬಸ್ಸಿನ ವೇಳಾಪಟ್ಟಿಯನ್ನು ಮುಂದಿಟ್ಟುಕೊಳ್ಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ದಾರಿಗಳು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕೂಡುತ್ತವಷ್ಟೆ. ಹುಳಿಯಾರಿನವರಿಗೂ ಮಾಯಸಂದ್ರದವರಿಗೂ ಪಂದ್ಯ ಬಿದ್ದ ಭಾನುವಾರ, ಯಾರೊಬ್ಬರೂ ಮತ್ತೊಬ್ಬರ ಊರಿನವರೆಗೆ ಹೋಗಬೇಕಾಗಿಲ್ಲ. ಆ ಕ್ರಾಸಿನ ಸುತ್ತಮುತ್ತ ಒಂದು ಶಾಲೆಯ ಮೈದಾನ ಕೇಳಿಕೊಂಡರಾಯಿತು. ಅನುಮತಿಯ ಅರ್ಜಿಯನ್ನು ಡಿಸೆಂಬರಿನಲ್ಲಿಯೇ ಕೊಡುವುದು ಲೇಸು.