ಮೂಲ ಒಂದೇ ಇರಲಿ, ಹೊಂದಿಕೆ ಅವರವರದಾಗಲಿ

‘ತಂತ್ರಾಂಶ ಒಂದೇ ಆದಮೇಲೆ ಸೆಟ್ಟಿಂಗುಗಳೂ ಒಂದೇ ಇರಲಿ’ ಎಂಬ ಮಾತನ್ನು ಸರ್ಕಾರಿ ಸಭೆಗಳಲ್ಲಿ ನಾವು ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಮಿತವ್ಯಯದ ಮಾತಿನಂತೆ ತೋರುವ ಇದು ವಾಸ್ತವದಲ್ಲಿ ಸೋಮಾರಿತನದ ಮಾತು.

ನಾವು ದುಡಿದ ಕಚೇರಿಯೊಂದರಲ್ಲಿ ಎಲ್ಲ ಪ್ರಾದೇಶಿಕ ಶಾಖೆಗಳ ಜಾಲತಾಣಗಳಿಗೂ ಒಂದೇ ಸೆಟ್ಟಿಂಗ್ ಕಡತವಿತ್ತು. ದಕ್ಷಿಣದ ಶಾಖೆಗೆ ಅರ್ಜಿ ಹಾಕಿದವರಿಗೂ ಸ್ವೀಕೃತಿ ಹಿಂದಿಯಲ್ಲಿ, ದೆಹಲಿಯ ಇಮೇಲ್ ವಿಳಾಸದಿಂದ ಹೋಗುತ್ತಿತ್ತು. ಅದಕ್ಕೆ ಅವರು ಬರೆದ ಮರುಪತ್ರಗಳು ಯಾರೂ ತೆರೆಯದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದವು. ಕುಟುಂಬ ಪಿಂಚಣಿ ಏಕೆ ಬಂದಿಲ್ಲವೆಂದು ವಿಚಾರಿಸಿದ ಪತ್ರವೂ ಅವುಗಳಲ್ಲಿತ್ತು. ಇದನ್ನು ‘ತಾಂತ್ರಿಕ ದೋಷ’ವೆಂದು ಟಿಪ್ಪಣಿ ಬರೆದು ಮುಗಿಸಿದರು. ನಮ್ಮ ದೃಷ್ಟಿಯಲ್ಲಿ ಅದು ಆಡಳಿತದ ದೋಷ.

ಹಾಗಾದರೆ ಪ್ರತಿ ತಾಣಕ್ಕೂ ತಂತ್ರಾಂಶದ ಪ್ರತ್ಯೇಕ ನಕಲು ಕೊಡೋಣವೆನ್ನುವವರಿದ್ದಾರೆ. ಅವರು 2014ರ ಅಕ್ಟೋಬರ್ 15ನ್ನು ನೆನೆಯಬೇಕು. ಅಂದು ಡ್ರೂಪಲ್‌ನ ಗಂಭೀರ ಭದ್ರತಾ ಲೋಪವೊಂದು ಪ್ರಕಟವಾಯಿತು. ಏಳು ಗಂಟೆಗಳೊಳಗೆ ಸರಿಪಡಿಸದ ತಾಣಗಳು ದಾಳಿಗೆ ತುತ್ತಾಗಿವೆಯೆಂದೇ ಭಾವಿಸಬೇಕೆಂದು ಅದರ ಭದ್ರತಾ ತಂಡ ಬಳಿಕ ಎಚ್ಚರಿಸಿತು. ಹತ್ತು ನಕಲುಗಳಿದ್ದರೆ ಹತ್ತು ಕಡೆ ತೇಪೆ ಹಾಕಬೇಕು. ಒಂದು ಮರೆತರೂ ಬಾಗಿಲು ತೆರೆದಂತೆಯೇ. ಇನ್ನು ‘ಚೆನ್ನೈ ತಾಣವಾದರೆ ಹೀಗೆ, ಪುಣೆಯದಾದರೆ ಹಾಗೆ’ ಎಂದು ಮೂಲ ಕೋಡಿನೊಳಗೇ ಷರತ್ತುಗಳನ್ನು ತುರುಕುವುದು ಸಮನ್ವಯವಲ್ಲ, ಗೋಜಲು.

ಸರಿಯಾದ ದಾರಿ ಹೊಸದೇನಲ್ಲ. ಡ್ರೂಪಲ್‌ನಲ್ಲಿಯೇ ಕೋಡ್ ಒಂದೇ ಇದ್ದು, ಪ್ರತಿ ತಾಣಕ್ಕೂ ತನ್ನ ಕಡತಕೋಶ, ತನ್ನ ಸೆಟ್ಟಿಂಗ್, ತನ್ನ ದತ್ತಸಂಚಯ ಇರಬಲ್ಲವು. ಮುನ್ನೂರಕ್ಕೂ ಹೆಚ್ಚು ಭಾಷೆಗಳ ವಿಕಿಪೀಡಿಯಗಳು ಮೀಡಿಯಾವಿಕಿ ಎಂಬ ಒಂದೇ ತಂತ್ರಾಂಶದ ಮೇಲೆ ನಡೆಯುತ್ತವೆ. 2003ರಲ್ಲಿ ಆರಂಭವಾದ ನಮ್ಮ ಕನ್ನಡ ವಿಕಿಪೀಡಿಯವೂ ಅವುಗಳಲ್ಲೊಂದು. ಅಲ್ಲಿ ಮೊದಲು ಎಲ್ಲರಿಗೂ ಅನ್ವಯಿಸುವ ಮೌಲ್ಯ. ಅದರ ಕೆಳಗೆ, ಬೇಕಾದ ವಿಕಿಗೆ ಬೇಕಾದ ಬದಲಾವಣೆ. ತಾಣದ ಹೆಸರು, ಕಾಲವಲಯ, ಅಕಾರಾದಿ ಕ್ರಮ, ಎಲ್ಲವನ್ನೂ ಹೀಗೆ ಬೇರೆಯಾಗಿಸಬಹುದು. ಈ ಸೆಟ್ಟಿಂಗುಗಳನ್ನು ಯಾರು ಬೇಕಾದರೂ ಓದಬಹುದು. ಗುಪ್ತಪದಗಳು ಮಾತ್ರ ಬೇರೆಡೆ ಭದ್ರವಾಗಿರುತ್ತವೆ. ಮೂಲ ಕೋಡನ್ನು ಈ ಕ್ಷಣವೇ ಬಹಿರಂಗಪಡಿಸಿದರೂ ಯಾವ ಗುಟ್ಟೂ ಬಯಲಾಗಬಾರದು. ಬೇರ್ಪಡಿಕೆ ಸರಿಯಾಗಿದೆಯೇ ಎಂಬುದಕ್ಕೆ ಅದೇ ಪರೀಕ್ಷೆ.

ಪ್ರತ್ಯೇಕ ಕಡತಗಳಿಂದ ಕೆಲಸ ಹೆಚ್ಚುತ್ತದೆಂಬ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ಹೆಚ್ಚುತ್ತದೆ. ಆ ಕೆಲಸವನ್ನು ಕಚೇರಿ ಮಾಡದಿದ್ದರೆ ಅರ್ಜಿದಾರರು ಅಲೆದಾಡಿ ಮಾಡಬೇಕಾಗುತ್ತದೆ, ಅಷ್ಟೆ.

ಹೊರನಾಡಿನಲ್ಲಿ ಬಾಳುವ ನಮಗೆ ಇದು ಹೊಸ ಅನುಭವವೂ ಅಲ್ಲ. ‘ಪೂರ್ವನಿಗದಿತ’ ಎಂಬ ಪದದ ಹಿಂದೆ ಯಾರೋ ಒಬ್ಬರ ಭಾಷೆ, ಯಾರೋ ಒಬ್ಬರ ಊರು ಇದ್ದೇ ಇರುತ್ತದೆ. ಆದುದರಿಂದ ನಮ್ಮ ಕಚೇರಿಗಳಲ್ಲಾಗಲಿ, ಕನ್ನಡ ಸಂಘಗಳಲ್ಲಾಗಲಿ, ಹಂಚಿಕೆಯ ತಂತ್ರಾಂಶಕ್ಕೆ ಒಪ್ಪಿಗೆ ನೀಡುವ ಮುನ್ನ ಒಂದು ಪ್ರಶ್ನೆ ಕೇಳೋಣ: ನಮ್ಮ ತಾಣದ ಸೆಟ್ಟಿಂಗ್ ಬದಲಿಸುವ ಅಧಿಕಾರ ಯಾರದು? ಲಿಖಿತ ಉತ್ತರ ಬರುವವರೆಗೆ ಸಹಿ ಹಾಕದಿರೋಣ.