ಟೋಟಲ್ ಲಾಸ್ ಗಾಡಿ ತಗೋಬೇಕಾ, ಬೇಡ್ವಾ?

ಹಾಸ್ಟೆಲಿನಲ್ಲಿ ನಮ್ಮ ಅಕ್ಕಪಕ್ಕದ ಎರಡು ರೂಮಿಗೆ ಉಳಿದವರು ಇಟ್ಟ ಹೆಸರು 'ವಿಜಯನಗರ ಸಾಮ್ರಾಜ್ಯ'. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ತಾಲ್ಲೂಕಿಗೆ ಒಬ್ಬರಂತೆ ನಾವು ಐದು ಜನ. ಹೊಸಪೇಟೆಯವನೊಬ್ಬ ಸಿಕ್ಕಿದ್ದರೆ ಜಿಲ್ಲೆ ಪೂರ್ತಿಯಾಗ್ತಿತ್ತು.

ದೀಪಾವಳಿಗೆ ಸ್ವಲ್ಪ ಮುಂಚೆ ಕೊಟ್ಟೂರಿನವನ ಅಪ್ಪಾಜಿ ಫೋನ್ ಮಾಡಿದರು. "ಒಂದು ಗಾಡಿ ಬಂದೈತೆ. 2019ರ ಸ್ವಿಫ್ಟ್, ಡೀಸೆಲ್. ಮೂರೂಕಾಲು ಲಕ್ಷಕ್ಕೆ ಕೊಡ್ತೀನಿ ಅಂತಾನೆ. ನೀವೆಲ್ಲ ಇಂಜಿನಿಯರ್ ಓದ್ತೀರಲ್ಲ, ರಜೆಗೆ ಬಂದಾಗ ನೋಡಿ ಹೇಳ್ರಪ್ಪಾ." ನಮ್ಮಲ್ಲಿ ಮೆಕ್ಯಾನಿಕಲ್ ಓದುವವನು ಒಬ್ಬನೇ. ಅವನು ಹತ್ತಿರದಿಂದ ನೋಡಿದ ಎಂಜಿನ್ ಅಂದರೆ ಲ್ಯಾಬಿನಲ್ಲಿ ಅರ್ಧಕ್ಕೆ ಕತ್ತರಿಸಿ ಬಣ್ಣ ಬಳಿದು ಇಟ್ಟಿದ್ದು. ಆದರೂ ಹೋದೆವು.

ಕಾರು ಅವರಿಗೆ ಶೋಕಿಗೆ ಬೇಕಿರಲಿಲ್ಲ. ಅಜ್ಜಿಗೆ ಹೃದಯದ ತೊಂದರೆ. ತಿಂಗಳಿಗೆ ಎರಡು ಸಲ ಕೊಟ್ಟೂರಿಂದ ಹರಪನಹಳ್ಳಿ ದಾಟಿ ದಾವಣಗೆರೆ ಆಸ್ಪತ್ರೆಗೆ ಕರಕೊಂಡು ಹೋಗಬೇಕು. ಪ್ರತಿ ಸಲ ಬಾಡಿಗೆ ಗಾಡಿಗೆ ಮೂರು ಸಾವಿರ. ಮೆಕ್ಕೆಜೋಳದ ದುಡ್ಡು ಒಂದಷ್ಟಿತ್ತು, ಉಳಿದಿದ್ದು ಸೊಸೈಟಿ ಸಾಲ. ಅಂಥ ಗಾಡಿಗೆ ನಮ್ಮ ಕಡೆ ಐದು ಲಕ್ಷದ ಹತ್ತಿರ ಹೇಳ್ತಾರೆ. ಇಷ್ಟು ಕಡಿಮೆ ಯಾಕೆ ಅಂತ ಕೇಳಿದ್ದಕ್ಕೆ ಬ್ರೋಕರ್ ಅಂದಿದ್ದು, "ಬೆಂಗಳೂರು ಪಾರ್ಟಿ, ಅರ್ಜೆಂಟ್ ಐತೆ."

ಆರ್‌ಸಿ ನೋಡಿದೆವು. ಕ್ಲೀನ್. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದೆವು. ಅಲ್ಲೂ ಕ್ಲೀನ್: ಸಾಲ ಇಲ್ಲ, ಇನ್ಶೂರೆನ್ಸ್ ಇದೆ, ಎರಡನೇ ಮಾಲೀಕರು. ನಾವು ಓಕೆ ಅನ್ನೋದರಲ್ಲಿದ್ದೆವು. ಪುಣ್ಯಕ್ಕೆ ಹರಪನಹಳ್ಳಿಯವನ ಮಾಮ ಜೊತೆಗೆ ಬಂದಿದ್ದರು, ಗ್ಯಾರೇಜ್ ಇಟ್ಟವರು. ಅವರು ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಸೀಟಿನ ಬೆಲ್ಟನ್ನು ಕೊನೆ ತನಕ ಜಗ್ಗಿದರು. ಯಾರೂ ಅಷ್ಟು ದೂರ ಎಳೆಯದ ಆ ಕಡೆಯ ಒಂದು ಗೇಣು ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಸೀಟಿನ ಕೆಳಗಿನ ಬೋಲ್ಟಿಗೆ ತುಕ್ಕು. ಸ್ಟೆಪ್ನಿ ಎತ್ತಿದರೆ ಮೂಲೆಯಲ್ಲಿ ಒಣಗಿದ ಕೆಸರು. "ನೀರು ಕುಡಿದ ಗಾಡಿ. ಟೋಟಲ್ ಲಾಸ್ ಮಾಡಿಸಿರ್ತಾರೆ" ಅಂದರು.

ಹಳೇ ಪಾಲಿಸಿ ಕೇಳಿದಾಗ ಕತೆ ಹೊರಗೆ ಬಂತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಮಳೆನೀರು ನುಗ್ಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನಿಮಗೂ ನೆನಪಿರಬಹುದು. ನಾವೂ ಆಗ ಆ ವಿಡಿಯೋ ನೋಡಿ ನಕ್ಕಿದ್ದೆವು. ಅಲ್ಲಿ ಬೇಸ್‌ಮೆಂಟಿನಲ್ಲಿ ಮುಳುಗಿದ್ದ ಕಾರುಗಳಲ್ಲಿ ಒಂದು ಈಗ ಕೊಟ್ಟೂರಿನಲ್ಲಿ ನಮ್ಮ ಮುಂದೆ ನಿಂತಿತ್ತು. ಬ್ರೋಕರ್ ಕೊನೆಗೆ ಒಪ್ಪಿಕೊಂಡಿದ್ದು ಇಷ್ಟು: "ಸ್ವಲ್ಪ ನೀರು ತಾಗಿತ್ತು ಅಷ್ಟೇ." ಇದು ಮೈಲಾರದ ಕಾರಣಿಕ ಇದ್ದ ಹಾಗೆ. ಒಂದೇ ವಾಕ್ಯ, ಅರ್ಥ ಅವರವರಿಗೆ ಬಿಟ್ಟಿದ್ದು.

ಟೋಟಲ್ ಲಾಸ್ ಅಂದರೆ ಏನು? ನಮಗೂ ಆವತ್ತಿನವರೆಗೆ ಗೊತ್ತಿರಲಿಲ್ಲ. ಪಾಲಿಸಿಯಲ್ಲಿ ಕಾರಿಗೆ ಐಡಿವಿ ಅಂತ ಒಂದು ಬೆಲೆ ಕಟ್ಟಿರ್ತಾರೆ. ಮೂರು ವರ್ಷ ದಾಟಿ ನಾಲ್ಕರೊಳಗಿನ ಗಾಡಿಗೆ ಕಂಪನಿ ಬೆಲೆಯಲ್ಲಿ ಶೇ. 40 ಕಳೀತಾರೆ. ಎಂಟು ಲಕ್ಷದ ಕಾರು ಅಂದುಕೊಳ್ಳಿ, ಐಡಿವಿ 4.8 ಲಕ್ಷ. ರಿಪೇರಿ ಖರ್ಚು ಅದರ ಶೇ. 75 ದಾಟಿದರೆ, ಅಂದರೆ 3.6 ಲಕ್ಷಕ್ಕಿಂತ ಹೆಚ್ಚಾದರೆ, ಅದು ಟೋಟಲ್ ಲಾಸ್. ಮಾಲೀಕರಿಗೆ ದುಡ್ಡು ಹೋಗುತ್ತೆ, ಗಾಡಿ ಹರಾಜಿಗೆ ಹೋಗುತ್ತೆ, ಎಷ್ಟೋ ಸಲ ಆರ್‌ಸಿ ಸಮೇತ. ಹರಾಜಿನಲ್ಲಿ ಹಿಡಿದವರು ಸಣ್ಣ ಗ್ಯಾರೇಜಿನಲ್ಲಿ ಕಡಿಮೆಗೆ ರಿಪೇರಿ ಮಾಡಿಸಿ, ಸೀಟಿಗೆ ಹೊಸ ಕವರ್ ಹಾಕಿ, ದೂರದ ಊರಿಗೆ ದಾಟಿಸ್ತಾರೆ. ನಮ್ಮ ಊರುಗಳು ಆ 'ದೂರದ ಊರು'.

ಕಾನೂನು ಇಲ್ಲವಾ ಅಂದರೆ, ಇದೆ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ವಾಹನ ನಾಶವಾದರೆ ಅಥವಾ ಇನ್ನೆಂದೂ ಬಳಸೋಕೆ ಬಾರದಂತಾದರೆ ಮಾಲೀಕರು 14 ದಿನದಲ್ಲಿ, ಅಥವಾ ಆದಷ್ಟು ಬೇಗ, ಆರ್‌ಟಿಓಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ನೋಂದಣಿ ರದ್ದಾಗುತ್ತೆ. ಆದರೆ ಇನ್ಶೂರೆನ್ಸಿನ ಟೋಟಲ್ ಲಾಸ್ ಬರೀ ದುಡ್ಡಿನ ಲೆಕ್ಕ, ಕಾಯ್ದೆ ಕೇಳೋದು ಗಾಡಿ ಸತ್ತಿದೆಯಾ ಅಂತ. ಈ ಎರಡರ ನಡುವಿನ ಸಂದಿಯಲ್ಲಿ ನಮ್ಮ ಸ್ವಿಫ್ಟ್ ಆರಾಮಾಗಿ ಪಾಸಾಗಿ ಬಂದಿದೆ. ಅಮೆರಿಕದಲ್ಲಾದರೆ ಇಂಥ ಗಾಡಿಯ ಟೈಟಲ್ ಪತ್ರದ ಮೇಲೆ 'ಸಾಲ್ವೇಜ್' ಅಂತ ಗುರುತು ಬೀಳುತ್ತೆ. ರಿಪೇರಿಯಾಗಿ ತಪಾಸಣೆ ಮುಗಿದರೆ 'ರೀಬಿಲ್ಟ್' ಅಂತಾಗುತ್ತೆ, ಆ ಪದ ಅಲ್ಲೇ ಉಳಿಯುತ್ತೆ. ಅಲ್ಲಿ ನಿಯಮ ರಾಜ್ಯಕ್ಕೊಂದು ಥರ ಇರೋದರಿಂದ ಬೇರೆ ರಾಜ್ಯಕ್ಕೆ ಒಯ್ದು ಗುರುತು ಅಳಿಸಿಕೊಂಡು ಬರುವ ಕಳ್ಳರೂ ಇದ್ದಾರೆ, ಆ ಮಾತು ಬೇರೆ. ನಮ್ಮಲ್ಲಿ ಅಳಿಸೋಕೆ ಗುರುತೇ ಇಲ್ಲ.

ಆವತ್ತು ರಾತ್ರಿ ನಮ್ಮಲ್ಲೇ ಜಗಳ. ಕೂಡ್ಲಿಗಿಯವನು ತಗೊಳ್ಳಿ ಅಂದ. ಅವನ ಮಾತಲ್ಲೂ ಹುರುಳಿತ್ತು. ನಮ್ಮ ಕಡೆ ಬದುಕು ನಡೆಯೋದೇ ರಿಪೇರಿ ಮೇಲೆ. ಬೋರಿನ ಮೋಟಾರ್ ರಿವೈಂಡಿಂಗ್ ಮಾಡಿಸ್ತೀವಿ, ಟ್ರ್ಯಾಕ್ಟರ್ ಎಂಜಿನ್ ಎರಡು ಸಲ ಇಳಿಸಿ ಮತ್ತೆ ಓಡಿಸ್ತೀವಿ. ರಿಪೇರಿಯಾದ ವಸ್ತು ಕೆಟ್ಟದ್ದು ಅನ್ನೋದು ಹೊಸದು ಕೊಳ್ಳೋ ತಾಕತ್ತಿದ್ದವರ ಮಾತು ಅಂದ. ನಾವು ಇದನ್ನು ಈಗಲೂ ಒಪ್ಪುತ್ತೇವೆ. ಡೋರು, ಬಂಪರ್ ಹೋಗಿ ಟೋಟಲ್ ಲಾಸ್ ಆದ ಹಳೇ ಗಾಡಿ, ಏನಾಗಿತ್ತು ಅಂತ ಫೋಟೋ ಸಮೇತ ತೋರಿಸಿ ಅರ್ಧ ರೇಟಿಗೆ ಕೊಟ್ಟರೆ, ಗೊತ್ತಿರೋ ಮೆಕ್ಯಾನಿಕ್‌ಗೆ ತೋರಿಸಿ ತಗೊಂಡರೆ ತಪ್ಪೇನಿಲ್ಲ.

ನೀರು ಕುಡಿದ ಗಾಡಿಗೆ ಮಾತ್ರ ಬೇಡ ಅಂತೇವೆ. ಮುಳುಗಿದ್ದಾಗ ಸ್ಟಾರ್ಟ್ ಮಾಡಿದ್ದರೆ ಸಿಲಿಂಡರಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗಿರುತ್ತೆ. ನೀರು ಕುಗ್ಗೋದಿಲ್ಲ, ನಮ್ಮ ಸಿಲಬಸ್‌ನಲ್ಲೇ ಇದೆ. ಆದರೆ ಎಂಜಿನ್ ಹೇಗಾದರೂ ಸರಿ ಮಾಡಬಹುದು, ತೊಂದರೆ ಇರೋದು ವೈರಿಂಗಿನಲ್ಲಿ. ಕನೆಕ್ಟರಿನ ಒಳಗೆ ತುಕ್ಕು ತಿಂಗಳುಗಟ್ಟಲೆ ನಿಧಾನಕ್ಕೆ ತಿನ್ನುತ್ತೆ. ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಬಹಳ ಕಾರುಗಳಲ್ಲಿ ಎರಡು ಸೀಟಿನ ನಡುವೆ, ಕೆಳಗೆ, ನೆಲಕ್ಕೆ ಅಂಟಿಕೊಂಡಿರುತ್ತೆ. ನೀರು ಮೊದಲು ತಲುಪೋ ಜಾಗವೇ ಅದು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ಈ ಗಾಡಿಯಲ್ಲಿ ದೀಪ ಹತ್ತಲೇ ಇಲ್ಲ. ದೀಪವನ್ನೇ ಯಾರೋ ಕಿತ್ತಿದ್ದರು. ಅಜ್ಜಿಯನ್ನು ಕೂರಿಸಿಕೊಂಡು ರಾತ್ರಿ ಹೊತ್ತು ಹರಪನಹಳ್ಳಿ ರಸ್ತೆಯಲ್ಲಿ ಹೋಗೋ ಗಾಡಿ ಇದು. ಕೂಡ್ಲಿಗಿಯವನು ಅಲ್ಲಿಗೆ ಸುಮ್ಮನಾದ.

ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರುಗಳ ಉದಾಹರಣೆ ಇಟ್ಟುಕೊಂಡೇ ಒಂದು ಲೇಖನ ಬರೆದರು. 2001ರಲ್ಲಿ ನೊಬೆಲ್ ಬಂತು. ಒಳಗಿನ ಹುಳುಕು ಮಾರುವವರಿಗೆ ಮಾತ್ರ ಗೊತ್ತಿದ್ದರೆ ಒಳ್ಳೆ ಗಾಡಿಯವರಿಗೂ ಒಳ್ಳೆ ಬೆಲೆ ಸಿಗಲ್ಲ, ಅವರು ಮಾರುಕಟ್ಟೆ ಬಿಟ್ಟು ಹೋಗ್ತಾರೆ ಅನ್ನೋದು ಅದರ ಸಾರ. ಕೊಟ್ಟೂರಿನ ಅಪ್ಪಾಜಿ ಅದನ್ನು ಓದಿಲ್ಲ, ಆದರೂ ಹೇಳಿದ್ದು ಅದನ್ನೇ: "ಇನ್ನು ಯಾವ ಗಾಡಿ ನೋಡಿದರೂ ನಂಗೆ ಬೆಲ್ಟ್ ಜಗ್ಗಬೇಕು ಅನಿಸ್ತೈತೆ."

ನಾವು ಕೇಳೋದು ಆರ್‌ಸಿಯಲ್ಲಿ ಒಂದು ಸಾಲು. ಟೋಟಲ್ ಲಾಸ್ ಕ್ಲೇಮ್ ಸೆಟಲ್ ಆದ ತಕ್ಷಣ ಅದು ವಾಹನ್ ಡೇಟಾಬೇಸಿಗೆ ಹೋಗಲಿ, ಆ್ಯಪಿನಲ್ಲಿ ಕಾಣಲಿ. ಇದು ಕಷ್ಟ ಅಂತ ಕಂಪ್ಯೂಟರ್ ಸೈನ್ಸ್ ಓದೋ ನಾವು ಮೂವರೂ ನಂಬಲ್ಲ. ಇನ್ಶೂರೆನ್ಸ್ ಯಾವ ದಿನ ಮುಗಿಯುತ್ತೆ ಅಂತ ಅದೇ ಆ್ಯಪ್ ಈಗಲೇ ತೋರಿಸುತ್ತೆ. ದಾರಿ ಇದೆ, ಅದರಲ್ಲಿ ಈ ಒಂದು ಸುದ್ದಿ ಮಾತ್ರ ಬರ್ತಿಲ್ಲ. ಅಲ್ಲಿಯವರೆಗೆ ನಿಮ್ಮ ಮನೆಯವರು ಹಳೇ ಗಾಡಿ ನೋಡ್ತಿದ್ದರೆ ಹಿಂದಿನ ಎಲ್ಲಾ ವರ್ಷದ ಪಾಲಿಸಿ ಕೇಳಿ. ನಡುವೆ ಒಂದು ವರ್ಷ ಖಾಲಿ ಇದ್ದರೆ, ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿದಿದ್ದರೆ, ಅದೇ ಹೊತ್ತಿಗೆ ಮಾಲೀಕರೂ ಬದಲಾಗಿದ್ದರೆ, ಯಾಕೆ ಅಂತ ಕೇಳಿ. ಚಾಸಿ ನಂಬರನ್ನು ಗಾಡಿ ಮೇಲೇ ಓದಿ, ಆರ್‌ಸಿ ಫೋಟೋದಲ್ಲಿ ಬೇಡ. ಬೆಲ್ಟ್ ಅಂತೂ ಜಗ್ಗಿ.

ಅಪ್ಪಾಜಿ ಗಾಡಿ ತಗೊಳ್ಳಲಿಲ್ಲ. ಬಾಡಿಗೆ ಮೂರು ಸಾವಿರ ಹೋಗ್ತಾನೇ ಇದೆ. ಹದಿನೈದು ದಿನಕ್ಕೆ ನಮ್ಮ ಹಡಗಲಿಯವನು ಊರಿಂದ ಫೋಟೋ ಕಳಿಸಿದ. ಅದೇ ನಂಬರ್, ಬಾನೆಟ್ ಮೇಲೆ ಮಲ್ಲಿಗೆ ಹಾರ. ಹೇಳಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆವು. ಹಾರ ಹಾಕಿದವರ ಮುಂದೆ ಹೋಗಿ ಹೀಗನ್ನೋದು ಹೇಗೆ? ಮೂರನೇ ದಿನ ಅವನೇ ಹೋಗಿ ಹೇಳಿದ. ಆ ಮನುಷ್ಯ ಬೈಯಲಿಲ್ಲ. ಬೆಲ್ಟ್ ಜಗ್ಗಿ ನೋಡಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಕೇಳಿದರು: "ಈಗ ಇದನ್ನ ನಾನು ಯಾರಿಗೆ ಅಂತ ಮಾರ್ಲಿ, ತಮ್ಮಾ? ಹೇಳಿ ಮಾರ್ಲೋ, ಹೇಳದೇ ಮಾರ್ಲೋ?"

ಬರುವ ಭಾನುವಾರ ಏರ್‌ಬ್ಯಾಗ್ ವೈರಿಂಗ್ ನೋಡೋಕೆ ಮಾಮನ ಗ್ಯಾರೇಜಿಗೆ ಗಾಡಿ ತರ್ತಾರಂತೆ. ನಾವೂ ಹೋಗ್ತಿದ್ದೇವೆ.