ಹುಂಚದ ಮಠ ಮಾಡಿದ್ದು ನೋಡಿ!



ಗಣಿತ, ವಿಜ್ಞಾನ ಕನ್ನಡದಲ್ಲಿ ಆಗದ ಮಾತು ಎಂದು ಯಾರಾದರೂ ನಿಮ್ಮ ಮುಂದೆ ಮೂಗು ಮುರಿದರೆ, ಅವರಿಗೆ ಹುಂಚದ ದಾರಿ ತೋರಿಸಿ.

ಹೊಸನಗರ ತಾಲ್ಲೂಕಿನ ಈ ಊರು ಪದ್ಮಾವತಿ ದೇವಿಯ ಬಸದಿಗೆ ಹೆಸರಾದದ್ದು. ಇಲ್ಲಿನ ಹೊಂಬುಜ ಜೈನ ಮಠ 2000ದಲ್ಲಿ ಹೊರತಂದದ್ದು ಗಣಿತದ ಪುಸ್ತಕ! ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'. ಅದನ್ನು ಕನ್ನಡಕ್ಕೆ ತಂದು ಟಿಪ್ಪಣಿ ಬರೆದವರು ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದರಾಸಿನಲ್ಲಿ ಅಚ್ಚಾದದ್ದು 1912ರಲ್ಲಿ. ಹುಂಚದ ಪುಸ್ತಕ ಬಂದದ್ದು ಅದಾದ 88 ವರ್ಷಕ್ಕೆ!

142857143ನ್ನು 7ರಿಂದ ಗುಣಿಸಿ ನೋಡಿ. 1000000001! ಎರಡು ತುದಿಗೂ ಒಂದೇ ಮಣಿ. ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರ ಎಂದ. ಮಗುವಿನ ಕಣ್ಣರಳಿಸುವ ಪಾಠವಲ್ಲವೇ ಇದು?

ಹಳೆಯ ಹಿರಿಮೆ ಹಾಡಿದರೆ ಸಾಲದು. ಮಲೆನಾಡಿನ ಮಗು ಭಿನ್ನರಾಶಿಯಲ್ಲಿ ಎಡವುವುದೆಲ್ಲಿ? ಲೆಕ್ಕದಲ್ಲೋ, ಲೆಕ್ಕ ಹೇಳುವ ಭಾಷೆಯಲ್ಲೋ? 'ಛೇದ', 'ಅಂಶ' ಎಂದಾಗ ಅದರ ಮನಸ್ಸಿನಲ್ಲಿ ಮೂಡುವುದೇನು? ಇದು ತರಗತಿಯ ಬೆಂಚಿನ ಮೇಲೆ ಕೂತು ಮಾಡಬೇಕಾದ ಸಂಶೋಧನೆ. ಅದರ ಫಲ ಕನ್ನಡದಲ್ಲಿ ಅಚ್ಚಾಗದಿದ್ದರೆ ಹಳ್ಳಿಯ ಮೇಷ್ಟ್ರಿಗೆ ತಲುಪುವುದು ಹೇಗೆ?

ಶಂಕರಘಟ್ಟದ ವಿಶ್ವವಿದ್ಯಾಲಯ ಕುವೆಂಪು ಹೆಸರು ಹೊತ್ತಿದೆ. ಆ ಹೆಸರಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದು?

ಗೆಳೆಯರೇ, ನಿಮ್ಮಲ್ಲಿ ಗಣಿತ, ವಿಜ್ಞಾನ ಓದಿದವರಿದ್ದೀರಿ. ಬರೀ ಘೋಷಣೆ ಬೇಡ. ಒಂದು ಪಾಠವನ್ನು ಕನ್ನಡದಲ್ಲಿ ಬರೆಯಿರಿ, ಒಂದು ಶಾಲೆಯಲ್ಲಿ ಕಲಿಸಿ ನೋಡಿ. ಮಠಕ್ಕೆ ಆದದ್ದು ನಮಗಾಗದೇ?